ಸಮ್ಮೇಳನದ ಗೋಷ್ಠಿಗಳ ಲೈವ್ ಬ್ಲಾಗಿಂಗ್: ಐರ್ಲೆಂಡಿನ ಅನುಭವ

ಸಮ್ಮೇಳನದ ಗೋಷ್ಠಿ ನಡೆಯುತ್ತಿರುವಾಗಲೇ ಸಭೆಯಲ್ಲಿ ಕುಳಿತವರೊಬ್ಬರು ಅಲ್ಲಿ ಕೇಳಿದ್ದನ್ನು ಸಣ್ಣ ಸಣ್ಣ ಟಿಪ್ಪಣಿಗಳಾಗಿ ಬರೆದು, ಮಾತು ಮುಗಿಯುವವರೆಗೂ ಕಾಯದೆ ಅಂತರ್ಜಾಲಕ್ಕೆ ಏರಿಸುತ್ತ ಹೋಗುವ ವರದಿಗಾರಿಕೆಗೆ ಲೈವ್ ಬ್ಲಾಗಿಂಗ್ ಎಂದು ಹೆಸರು. ಪ್ರತಿ ಟಿಪ್ಪಣಿಯ ತಲೆಯ ಮೇಲೆ ಗಂಟೆ ನಿಮಿಷ ನಮೂದಾಗಿರುತ್ತದೆ. ಹೊಸದು ಮೇಲೆ ಬರುತ್ತದೆ, ಹಳೆಯದು ಕೆಳಗೆ ಸರಿಯುತ್ತದೆ. 2000ದ ದಶಕದಲ್ಲಿ ಬ್ಲಾಗುಗಳಲ್ಲಿ ಶುರುವಾದ ಈ ರೂಢಿ ಆಮೇಲೆ ಟ್ವಿಟರ್‌ಗೆ ಹಬ್ಬಿತು, ಸುದ್ದಿ ಜಾಲತಾಣಗಳಲ್ಲಿ ಅದೇ ಒಂದು ಪ್ರತ್ಯೇಕ ವಿಭಾಗವಾಯಿತು. ಇದರ ಲಾಭ ಸಿಗುವುದು ಹೆಚ್ಚಾಗಿ ಸಭೆಗೆ ಬಾರದವರಿಗೆ. ಅದರ ಬೆಲೆ ತೆರುವವರು ಹೆಚ್ಚಾಗಿ ಸಭೆಯಲ್ಲಿ ಇರುವವರು. ಈ ಅಭ್ಯಾಸದ ಸುತ್ತ ಎದ್ದಿರುವ ಬಹುತೇಕ ವಾದಗಳ ಬೇರು ಈ ಒಂದು ಅಸಮತೆಯಲ್ಲಿದೆ. ಐರ್ಲೆಂಡಿನ ಸಾರ್ವಜನಿಕ ಬದುಕಿನಲ್ಲಿ ಈ ವಾದಕ್ಕೆ ಅಂತರ್ಜಾಲಕ್ಕಿಂತ ಬಹಳ ಹಿಂದಿನ ಇತಿಹಾಸವಿದೆ.

ಕೆಲಸದ ಸ್ವರೂಪವನ್ನು ಹತ್ತಿರದಿಂದ ನೋಡಿದರೆ ಅದರ ಕಷ್ಟ ತಿಳಿಯುತ್ತದೆ. ಇಂಗ್ಲಿಷಿನಲ್ಲಿ ಮಾತಾಡುವ ಭಾಷಣಕಾರರು ನಿಮಿಷಕ್ಕೆ ಸುಮಾರು 130ರಿಂದ 150 ಪದ ಆಡುತ್ತಾರೆ. ಚೆನ್ನಾಗಿ ಪಳಗಿದ ಕೈ ಕೂಡ ಲ್ಯಾಪ್‌ಟಾಪಿನಲ್ಲಿ ನಿಮಿಷಕ್ಕೆ 60-70 ಪದ ಹೊಡೆದರೆ ಹೆಚ್ಚು. ಅಂದರೆ ಕೇಳಿದ್ದರಲ್ಲಿ ಅರ್ಧವನ್ನಾದರೂ ಬಿಡಲೇಬೇಕು, ಯಾವುದನ್ನು ಬಿಡಬೇಕೆಂಬ ತೀರ್ಮಾನ ಆ ಕ್ಷಣದಲ್ಲೇ ಆಗಬೇಕು. ಅನುಭವ ಇರುವವರು ಹಿಂದಿನ ರಾತ್ರಿಯೇ ಭಾಷಣಕಾರರ ಹೆಸರು, ಹುದ್ದೆ, ಅವರ ಹಳೆಯ ಪ್ರಬಂಧಗಳ ಕೊಂಡಿ ಎಲ್ಲವನ್ನೂ ಒಂದು ಕಡತದಲ್ಲಿ ಬರೆದಿಟ್ಟುಕೊಳ್ಳುತ್ತಾರೆ. ಐರ್ಲೆಂಡಿನಲ್ಲಿ ಈ ತಯಾರಿ ಇನ್ನಷ್ಟು ಮುಖ್ಯ. ಶಿವಾನ್, ನೀವ್, ಕ್ವೀವಾ ಮುಂತಾದ ಐರಿಷ್ ಹೆಸರುಗಳನ್ನು ಕಿವಿಗೆ ಬಿದ್ದ ಹಾಗೆ ಟೈಪಿಸಿದರೆ ಕಾಗುಣಿತ ತಪ್ಪುವುದು ಖಚಿತ. ಗೋಡೆಯ ಪಕ್ಕದ ಕುರ್ಚಿ ಹಿಡಿಯುವುದು ಪ್ಲಗ್ ಪಾಯಿಂಟಿಗಾಗಿ. ಭಾಷಣಕಾರರ ಮಾತು ಯಾವುದು, ಬರೆಯುವವರ ಅನಿಸಿಕೆ ಯಾವುದು ಎಂದು ಬೇರೆಬೇರೆಯಾಗಿ ಕಾಣುವಂತೆ, ತಮ್ಮ ಮಾತನ್ನು ಆವರಣದೊಳಗೆ ಹಾಕುವುದು ಒಳ್ಳೆಯ ಬ್ಲಾಗರುಗಳ ಪದ್ಧತಿ. ಈ ಗೆರೆ ಅಳಿಸಿಹೋದಾಗಲೇ ಹೆಚ್ಚಿನ ಜಗಳಗಳು ಹುಟ್ಟಿವೆ.

ನಡೆಯುತ್ತಿರುವ ಘಟನೆಯನ್ನು ನಡೆಯುತ್ತಿರುವಾಗಲೇ ದೂರದವರಿಗೆ ಮುಟ್ಟಿಸುವ ಆಸೆಗೆ ಡಬ್ಲಿನ್ ಕೊಲ್ಲಿಯಲ್ಲಿ ಒಂದು ಗಟ್ಟಿ ಆರಂಭ ಸಿಕ್ಕಿತು. 1898ರ ಜುಲೈ 20ರಿಂದ 22ರವರೆಗೆ ಕಿಂಗ್ಸ್‌ಟೌನ್‌ನಲ್ಲಿ (ಇಂದಿನ ಡನ್ ಲೇರಿ) ವಿಹಾರನೌಕೆಗಳ ಪಂದ್ಯ ನಡೆಯಿತು. ಡಬ್ಲಿನ್ನಿನ ಡೈಲಿ ಎಕ್ಸ್‌ಪ್ರೆಸ್ ಪತ್ರಿಕೆ ಅದರ ವರದಿಗೆ ನೇಮಿಸಿಕೊಂಡದ್ದು ಇಪ್ಪತ್ತನಾಲ್ಕು ವರ್ಷದ ಗುಲಿಯೆಲ್ಮೊ ಮಾರ್ಕೋನಿಯನ್ನು. ಅವನ ತಾಯಿ ಆ್ಯನಿ ಜೇಮ್ಸನ್ ಐರ್ಲೆಂಡಿನ ವೆಕ್ಸ್‌ಫರ್ಡ್ ಸೀಮೆಯವಳು. ಮಾರ್ಕೋನಿ ಫ್ಲೈಯಿಂಗ್ ಹಂಟ್ರೆಸ್ ಎಂಬ ಉಗಿದೋಣಿಯಲ್ಲಿ ನಿಸ್ತಂತು ಉಪಕರಣ ಹೊತ್ತು ಪಂದ್ಯದ ಹಿಂದೆ ಹೊರಟ. ದೋಣಿಯಿಂದ ಬಂದ ಸಂಕೇತಗಳನ್ನು ದಡದಲ್ಲಿ ಬಂದರು ಅಧಿಕಾರಿಯ ಆವರಣದಲ್ಲಿ ಹಿಡಿದು, ಅಲ್ಲಿಂದ ದೂರವಾಣಿಯಲ್ಲಿ ಪತ್ರಿಕಾ ಕಚೇರಿಗೆ ಓದಿ ಹೇಳಿದರು. ಒಟ್ಟು ಏಳುನೂರರಷ್ಟು ಸಂದೇಶಗಳು ಹೀಗೆ ಹೋದವು. ದಡದ ಮೇಲೆ ನಿಂತವರಿಗೆ ನೌಕೆಗಳು ಕಣ್ಣಿಗೆ ಬೀಳದಿದ್ದ ಹೊತ್ತಿನಲ್ಲೂ ಸಂಜೆ ಪತ್ರಿಕೆ ಕೊಂಡವರಿಗೆ ಯಾರು ಮುಂದಿದ್ದಾರೆ ಎಂಬುದು ಗೊತ್ತಿತ್ತು.

ಪಂದ್ಯದ ನೌಕೆಗೆ ತನ್ನ ಬಗ್ಗೆ ಏನು ಬರೆದರೆಂಬ ತಕರಾರು ಇರುವುದಿಲ್ಲ. ಭಾಷಣಕಾರರಿಗೆ ಇರುತ್ತದೆ. ಈ ತಕರಾರಿನ ದೊಡ್ಡ ಉದಾಹರಣೆ ಡೇನಿಯಲ್ ಒಕಾನಲ್. ಐರ್ಲೆಂಡಿನ ಕ್ಯಾಥೊಲಿಕರಿಗೆ ಹಕ್ಕು ಗಳಿಸಿಕೊಟ್ಟ ಈ ನಾಯಕ 1833ರಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆ ಸಂಸತ್ತಿನಲ್ಲಿ ತಾನು ಆಡಿದ ಮಾತುಗಳನ್ನು ತಿರುಚಿ ಬರೆಯುತ್ತಿದೆ ಎಂದು ದೂರಿದ. ಸಿಟ್ಟಿಗೆದ್ದ ವರದಿಗಾರರು ಆ ಮಾತನ್ನು ಹಿಂದಕ್ಕೆ ಪಡೆಯುವವರೆಗೆ ಅವನ ಭಾಷಣ ಬರೆಯುವುದೇ ಇಲ್ಲವೆಂದರು. ಆಗಿನ ನಿಯಮದ ಪ್ರಕಾರ ಗ್ಯಾಲರಿಯಲ್ಲಿ ಹೊರಗಿನವರಿದ್ದಾರೆಂದು ಯಾವೊಬ್ಬ ಸದಸ್ಯ ಎದ್ದು ಹೇಳಿದರೂ ಅವರನ್ನೆಲ್ಲ ಹೊರಗೆ ಕಳಿಸಬೇಕಿತ್ತು. ಒಕಾನಲ್ ಎದ್ದು ಹೇಳಿದ, ಗ್ಯಾಲರಿ ಖಾಲಿಯಾಯಿತು. ಯಾರ ಭಾಷಣವೂ ವರದಿಯಾಗದ ಸ್ಥಿತಿ ಬಂದಾಗ ವರದಿಗಾರರು ಹಟ ಬಿಟ್ಟರು. ಸಭೆಯಲ್ಲಿ ಕುಳಿತು ಬರೆಯುವವರಿಗೂ ವೇದಿಕೆಯ ಮೇಲಿರುವವರಿಗೂ ಒಬ್ಬರಿಗೊಬ್ಬರು ಬೇಕು ಎಂಬುದನ್ನು ಆ ಜಗಳ ಇಬ್ಬರಿಗೂ ತಿಳಿಸಿಕೊಟ್ಟಿತು.

ಹತ್ತು ವರ್ಷದ ನಂತರ ಇದೇ ಒಕಾನಲ್ ಬ್ರಿಟನ್ನಿನೊಂದಿಗಿನ ಒಕ್ಕೂಟವನ್ನು ರದ್ದುಪಡಿಸಬೇಕೆಂದು ಐರ್ಲೆಂಡಿನ ಉದ್ದಗಲಕ್ಕೂ ಬೃಹತ್ ಸಭೆಗಳನ್ನು ನಡೆಸಿದ. 1843ರ ಆಗಸ್ಟ್ 15ರಂದು ತಾರಾ ಬೆಟ್ಟದಲ್ಲಿ ಸೇರಿದ ಜನಸ್ತೋಮ ಅವುಗಳಲ್ಲಿ ಹೆಸರಾದದ್ದು. ಸರ್ಕಾರ ಆ ಸಭೆಗಳಿಗೆ ಶೀಘ್ರಲಿಪಿಕಾರರನ್ನು ಕಳಿಸುತ್ತಿತ್ತು. ಒಂದು ಸಭೆಯಲ್ಲಿ ಒಕಾನಲ್ ಆ ಲಿಪಿಕಾರರಿಗೆ ಕುರ್ಚಿ ಮೇಜು ಎಲ್ಲ ಸರಿಯಾಗಿದೆಯೇ ಎಂದು ಉಪಚಾರದಿಂದ ವಿಚಾರಿಸಿ, ಅನಂತರ ಅವರಿಗೆ ಒಂದಕ್ಷರವೂ ತಿಳಿಯದ ಐರಿಷ್ ಭಾಷೆಯಲ್ಲಿ ಮಾತು ಆರಂಭಿಸಿದನೆಂಬ ಕತೆ ಈಗಲೂ ಜನರ ಬಾಯಲ್ಲಿದೆ. ಕತೆ ನಿಜವಿರಲಿ ಇಲ್ಲದಿರಲಿ, ಆ ಟಿಪ್ಪಣಿಗಳ ಪರಿಣಾಮ ನಿಜ. 1844ರಲ್ಲಿ ಡಬ್ಲಿನ್ನಿನಲ್ಲಿ ನಡೆದ ಪಿತೂರಿ ಮೊಕದ್ದಮೆಯಲ್ಲಿ ಸಭೆಗಳ ಶೀಘ್ರಲಿಪಿ ಟಿಪ್ಪಣಿಗಳು ಸಾಕ್ಷ್ಯವಾದವು, ಒಕಾನಲ್ ಜೈಲಿಗೆ ಹೋದ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಲಾರ್ಡ್ಸ್ ಸಭೆ ತೀರ್ಪನ್ನು ತಳ್ಳಿಹಾಕಿದ ಮೇಲೆ ಬಿಡುಗಡೆಯಾದ. ಕೇಳುಗರು ಬರೆದಿಟ್ಟದ್ದು ಮಾತಾಡಿದವರ ವಿರುದ್ಧವೇ ತಿರುಗಬಹುದೆಂಬ ಭಯ ಇಂದಿನ ಗೋಷ್ಠಿಗಳಲ್ಲೂ ಇದೆ. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ.

ಬ್ಲಾಗುಗಳ ಕಾಲಕ್ಕೆ ಬಂದರೆ, 2006 ಐರ್ಲೆಂಡಿಗೆ ಒಂದು ಗುರುತಿನ ವರ್ಷ. ಡೇಮಿಯನ್ ಮಲ್ಲಿ ಆರಂಭಿಸಿದ ಐರಿಷ್ ಬ್ಲಾಗ್ ಪ್ರಶಸ್ತಿಗಳು ಆ ವರ್ಷ ಮೊದಲ ಬಾರಿ ನಡೆದವು. ಅದೇ ವರ್ಷದ ಮೇ ತಿಂಗಳಲ್ಲಿ ಕಾರ್ಕ್ ನಗರದ ಐಟಿ ಅಟ್ ಕಾರ್ಕ್ ಎಂಬ ಸಂಘಟನೆ ವೆಬ್ 2.0 ಬಗ್ಗೆ ಅರ್ಧ ದಿನದ ಒಂದು ಸಮ್ಮೇಳನಕ್ಕೆ ತಯಾರಿ ನಡೆಸಿತ್ತು. ಸಮ್ಮೇಳನದ ಶೀರ್ಷಿಕೆಯಲ್ಲಿ ಆ ಪದ ಬಳಸಬಾರದೆಂದು ಅಮೆರಿಕದಿಂದ ವಕೀಲರ ಪತ್ರ ಬಂತು. ಒರೈಲಿ ಸಂಸ್ಥೆಯೊಂದಿಗೆ ಸೇರಿ ಅದೇ ಹೆಸರಿನ ಸಮ್ಮೇಳನ ನಡೆಸುತ್ತಿದ್ದ ಸಿಎಂಪಿ ಮೀಡಿಯಾ ಕಂಪನಿಯದು ಅದು. ಸಂಘಟಕರಲ್ಲೊಬ್ಬರಾದ ಟಾಮ್ ರಾಫ್ಟರಿ ಪತ್ರವನ್ನು ತಮ್ಮ ಬ್ಲಾಗಿನಲ್ಲಿ ಹಾಕಿದರು. ಒಂದೆರಡು ದಿನದಲ್ಲೇ ಲೋಕದ ಮೂಲೆಮೂಲೆಯ ಬ್ಲಾಗರುಗಳು ರೊಚ್ಚಿಗೆದ್ದರು. ಒರೈಲಿ ಸಂಸ್ಥೆಯ ಮುಖ್ಯಸ್ಥ ಟಿಮ್ ಒರೈಲಿ ಆಗ ರಜೆಯಲ್ಲಿದ್ದರು, ಅವರ ಉತ್ತರ ಬರುವಷ್ಟರಲ್ಲಿ ಸಿಟ್ಟು ಊರೆಲ್ಲ ಸುತ್ತಿ ಬಂದಿತ್ತು. ಕಡೆಗೆ ಕಾರ್ಕ್‌ನ ಸಮ್ಮೇಳನ ತಡೆಯಿಲ್ಲದೆ ನಡೆಯಿತು. ಒಂದು ಸಣ್ಣ ಊರಿನ ಅರ್ಧ ದಿನದ ಸಭೆಗೆ ಜಗತ್ತಿನ ಕಿವಿ ಸಿಗಬಹುದು ಎಂಬುದನ್ನೂ, ಇನ್ನೊಂದು ಕಡೆಯವರು ಬಾಯಿ ತೆರೆಯುವ ಮೊದಲೇ ತೀರ್ಪು ಹೊರಬೀಳಬಹುದು ಎಂಬುದನ್ನೂ ಈ ಪ್ರಸಂಗ ಒಟ್ಟಿಗೇ ತೋರಿಸಿತು.

ಎರಡು ವರ್ಷದ ನಂತರ ಅದೇ ಕಾರ್ಕ್‌ಗೆ ಬ್ಲಾಗ್‌ಟಾಕ್ ಬಂತು. ವಿಯೆನ್ನಾದಲ್ಲಿ 2003ರಲ್ಲಿ ಥಾಮಸ್ ಬರ್ಗ್ ಆರಂಭಿಸಿದ, ಬ್ಲಾಗುಗಳ ಬಗ್ಗೆಯೇ ಮಾತಾಡುವ ಅಂತರರಾಷ್ಟ್ರೀಯ ಸಮ್ಮೇಳನ ಇದು. 2008ರ ಮಾರ್ಚ್ 3 ಮತ್ತು 4ರಂದು ಕಾರ್ಕ್‌ನಲ್ಲೂ, 2010ರಲ್ಲಿ ಗಾಲ್ವೇಯಲ್ಲೂ ನಡೆಯಿತು. ಗಾಲ್ವೇ ವಿಶ್ವವಿದ್ಯಾಲಯದ ಜಾನ್ ಬ್ರೆಸ್ಲಿನ್ ಇದರ ಮುಖ್ಯ ಸಂಘಟಕರಲ್ಲಿ ಒಬ್ಬರು. ಕಾರ್ಕ್ ಸಮ್ಮೇಳನದ ಪ್ರಬಂಧಗಳು ಸ್ಪ್ರಿಂಗರ್ ಪ್ರಕಾಶನದ ಸಂಪುಟವಾಗಿ ಹೊರಬಂದದ್ದು 2010ರಲ್ಲಿ, 2009ರ ದಕ್ಷಿಣ ಕೊರಿಯಾದ ಸಮ್ಮೇಳನದ ಪ್ರಬಂಧಗಳ ಜೊತೆಗೆ. ಸಾಮಾಜಿಕ ಮಾಧ್ಯಮದಂಥ ದಿನದಿನಕ್ಕೂ ಬದಲಾಗುವ ವಿಷಯದಲ್ಲಿ ಎರಡು ವರ್ಷ ಎಂದರೆ ಬಹಳವಾಯಿತು. ಅಧಿಕೃತ ಸಂಪುಟಕ್ಕೆ ಪರಿಷ್ಕರಣೆಯ ಗಟ್ಟಿತನ ಇರುತ್ತದೆ, ನಿಜ. ಆದರೆ ಗೋಷ್ಠಿಯಲ್ಲಿ ಕೇಳಿದ ಪ್ರಶ್ನೆಗಳು, ಕೊಟ್ಟ ಉತ್ತರಗಳು, ಭಾಷಣಕಾರರು ಬರೆದದ್ದನ್ನು ಬಿಟ್ಟು ಆಡಿದ ಮಾತುಗಳು ಅದರಲ್ಲಿ ಇರುವುದಿಲ್ಲ. ಅವು ಉಳಿಯುವುದು ಯಾರಾದರೂ ಅಲ್ಲೇ ಬರೆದುಕೊಂಡಿದ್ದರೆ ಮಾತ್ರ.

ಮಾತಿಗೂ ಅಚ್ಚಿಗೂ ನಡುವಿನ ಈ ಅಂತರದಲ್ಲಿ ಏನೇನು ಆಗಬಹುದು ಎಂಬುದಕ್ಕೆ ಡಬ್ಲಿನ್ನಿನಲ್ಲೇ ಒಂದು ಪ್ರಸಿದ್ಧ ದೃಷ್ಟಾಂತವಿದೆ. 1943ರ ಫೆಬ್ರವರಿಯಲ್ಲಿ ಭೌತವಿಜ್ಞಾನಿ ಎರ್ವಿನ್ ಶ್ರೋಡಿಂಗರ್ ಟ್ರಿನಿಟಿ ಕಾಲೇಜಿನಲ್ಲಿ ಜೀವ ಎಂದರೇನು ಎಂಬ ವಿಷಯದ ಮೇಲೆ ಸಾರ್ವಜನಿಕ ಉಪನ್ಯಾಸ ಮಾಲೆ ಕೊಟ್ಟರು. ಸುಮಾರು ನಾನೂರು ಜನ ಕೇಳುಗರು. ಪ್ರಧಾನಿ ಏಮನ್ ಡಿ ವಲೇರಾ ಕೂಡ ಅವರಲ್ಲಿದ್ದರು. ಉಪನ್ಯಾಸಗಳು ಪುಸ್ತಕವಾದದ್ದು ಮರುವರ್ಷ, ಕೇಂಬ್ರಿಜ್‌ನಿಂದ. ಮುಂದೆ ಡಿಎನ್‌ಎ ರಚನೆ ಕಂಡುಹಿಡಿದ ಜೇಮ್ಸ್ ವಾಟ್ಸನ್ ಮತ್ತು ಫ್ರಾನ್ಸಿಸ್ ಕ್ರಿಕ್ ಇಬ್ಬರ ಮೇಲೂ ಪ್ರಭಾವ ಬೀರಿದ್ದು ಆ ಪುಸ್ತಕ. 2012ರ ಜುಲೈನಲ್ಲಿ ಯೂರೋಸೈನ್ಸ್ ಓಪನ್ ಫೋರಂ ಡಬ್ಲಿನ್ನಿನಲ್ಲಿ ನಡೆದಾಗ ಜೀನೋಮ್ ವಿಜ್ಞಾನಿ ಕ್ರೇಗ್ ವೆಂಟರ್ ಅದೇ ಟ್ರಿನಿಟಿ ಕಾಲೇಜಿನಲ್ಲಿ ಅದೇ ಪ್ರಶ್ನೆಯನ್ನು ಎತ್ತಿಕೊಂಡು ಉಪನ್ಯಾಸ ಕೊಟ್ಟರು. ಈ ಬಾರಿ ಸಭೆಯೊಳಗಿನ ಫೋನುಗಳಿಂದ ಮಾತು ಆಗಿಂದಾಗ ಹೊರಗೆ ಹೋಗುವ ಕಾಲ ಬಂದಿತ್ತು. ಶ್ರೋಡಿಂಗರ್ ಅವರಿಗೆ ಸಿಕ್ಕ ಒಂದು ವರ್ಷದ ಬಿಡುವಿನಲ್ಲಿ ಉಪನ್ಯಾಸ ತಿದ್ದಿಕೊಂಡು, ಹದಗೊಂಡು ಪುಸ್ತಕವಾಯಿತು. ಅಂಥ ಬಿಡುವು ಇಂದಿನ ಭಾಷಣಕಾರರಿಗೆ ಸಿಗುವುದಿಲ್ಲ. ಇದು ಸಣ್ಣ ನಷ್ಟವಲ್ಲ. ಅದರ ಎದುರಿಗೆ, ಆ ಫೆಬ್ರವರಿಯ ಸಂಜೆಗಳಲ್ಲಿ ಡಬ್ಲಿನ್ ತಲುಪಲಾಗದ ಎಲ್ಲರೂ ಒಂದು ವರ್ಷ ಕಾಯಬೇಕಾಯಿತು ಎಂಬುದನ್ನೂ ಇಡಬೇಕು.

ಕನ್ನಡ ಓದುಗರಿಗೆ ಈ ಕಾಯುವಿಕೆ ಹೊಸದೇನಲ್ಲ. 1915ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸಾಹಿತ್ಯ ಸಮ್ಮೇಳನಗಳಲ್ಲಿ ಪ್ರಧಾನ ವೇದಿಕೆ, ಸಮಾನಾಂತರ ವೇದಿಕೆ ಎಂದು ಒಂದೇ ಹೊತ್ತಿಗೆ ಗೋಷ್ಠಿಗಳು ನಡೆಯುತ್ತವೆ. ಒಂದರಲ್ಲಿ ಕುಳಿತವರು ಇನ್ನೊಂದನ್ನು ಕಳೆದುಕೊಳ್ಳುತ್ತಾರೆ. ಮರುದಿನದ ಪತ್ರಿಕೆಯಲ್ಲಿ ಅಧ್ಯಕ್ಷರ ಭಾಷಣಕ್ಕೆ ಪುಟಗಟ್ಟಲೆ ಜಾಗ ಸಿಕ್ಕರೆ ಮಧ್ಯಾಹ್ನದ ಗೋಷ್ಠಿಗೆ ನಾಲ್ಕು ಸಾಲು ಸಿಕ್ಕರೆ ಪುಣ್ಯ. ಒಬ್ಬ ಶ್ರದ್ಧಾವಂತ ಬ್ಲಾಗರ್ ಆ ಮಧ್ಯಾಹ್ನದ ಗೋಷ್ಠಿಯಲ್ಲಿ ಕುಳಿತರೆ ಸಾಕು, ಅದು ಕಲಬುರಗಿಗೂ ಕಾಸರಗೋಡಿಗೂ ಡಬ್ಲಿನ್ನಿಗೂ ತಲುಪುತ್ತದೆ. ಪ್ರವಾಸದ ಖರ್ಚು, ವೀಸಾ, ನೋಂದಣಿ ಶುಲ್ಕ, ಮನೆಯಲ್ಲಿ ನೋಡಿಕೊಳ್ಳಬೇಕಾದ ಮಕ್ಕಳು ವೃದ್ಧರು, ಮೆಟ್ಟಿಲು ಹತ್ತಲಾಗದ ದೇಹ: ಇವುಗಳಲ್ಲಿ ಯಾವುದೋ ಒಂದು ಕಾರಣಕ್ಕೆ ಹೊರಗುಳಿದವರಿಗೆ ಲೈವ್ ಬ್ಲಾಗ್ ಒಂದು ನಿಜವಾದ ಬಾಗಿಲು. ಕಿವಿ ಕೇಳದವರಿಗೆ ವಿಡಿಯೊಗಿಂತ ಬರಹವೇ ಉಪಯುಕ್ತ. ಇಂಗ್ಲಿಷ್ ಎರಡನೆಯ ಭಾಷೆಯಾದವರು ವೇಗದ ಮಾತಿಗಿಂತ ಬರೆದದ್ದನ್ನು ಸುಲಭವಾಗಿ ಹಿಡಿಯುತ್ತಾರೆ. ಈ ಅಭ್ಯಾಸದ ಪರವಾಗಿ ಹೇಳಬಹುದಾದ ಮಾತುಗಳಲ್ಲಿ ಇದಕ್ಕಿಂತ ತೂಕದ್ದು ಇನ್ನೊಂದಿಲ್ಲ.

ಹೊರಗಿನವರು ಸಭೆಯನ್ನು ಓದುವುದಷ್ಟೇ ಅಲ್ಲ, ಸಭೆಯ ಒಳಕ್ಕೂ ಕೈ ಚಾಚುತ್ತಾರೆ. 2002ರ ಮಾರ್ಚಿನಲ್ಲಿ ಅಮೆರಿಕದ ಅರಿಝೋನಾದಲ್ಲಿ ನಡೆದ ಪಿಸಿ ಫೋರಂ ಸಮ್ಮೇಳನದಲ್ಲಿ ಕ್ವೆಸ್ಟ್ ಕಂಪನಿಯ ಮುಖ್ಯಸ್ಥ ಜೋ ನಾಕಿಯೊ ಬಂಡವಾಳ ಎತ್ತುವುದು ಎಷ್ಟು ಕಷ್ಟ ಎಂದು ಗೋಳು ತೋಡಿಕೊಳ್ಳುತ್ತಿದ್ದ. ಪತ್ರಕರ್ತ ಡ್ಯಾನ್ ಗಿಲ್ಮರ್ ಅದನ್ನು ಬ್ಲಾಗಿಸುತ್ತಿದ್ದರು. ದೂರದ ಫ್ಲಾರಿಡಾದಲ್ಲಿ ಓದುತ್ತಿದ್ದವರೊಬ್ಬರು ನಾಕಿಯೊ ತನ್ನ ಪಾಲಿನ ಷೇರುಗಳನ್ನು ಮಾರಿ ದೊಡ್ಡ ಹಣ ಮಾಡಿಕೊಂಡ ವಿವರದ ಕೊಂಡಿಯನ್ನು ಗಿಲ್ಮರ್‌ಗೆ ಕಳಿಸಿದರು. ಅದು ಬ್ಲಾಗಿಗೆ ಬಂತು, ಸಭೆಯಲ್ಲಿ ಲ್ಯಾಪ್‌ಟಾಪ್ ತೆರೆದಿದ್ದವರು ಓದಿದರು, ಮಾತು ಮುಗಿಯುವ ಮುನ್ನವೇ ಸಭೆಯ ಮುಖ ಬದಲಾಗಿತ್ತು. ಐದು ವರ್ಷದ ನಂತರ ನಾಕಿಯೊ ಒಳಗುಟ್ಟಿನ ಷೇರು ವ್ಯವಹಾರದ ಅಪರಾಧಿಯೆಂದು ಸಾಬೀತಾಯಿತು. ಸಮ್ಮೇಳನ ಬ್ಲಾಗಿಂಗಿನ ಚರಿತ್ರೆಯಲ್ಲಿ ಈ ಘಟನೆಯನ್ನು ಹೆಮ್ಮೆಯಿಂದ ಹೇಳುತ್ತಾರೆ. ಹೇಳಬೇಕಾದ್ದೇ, ಏಕೆಂದರೆ ಅಲ್ಲಿ ಬಂದ ಮಾಹಿತಿ ಸರಿಯಾಗಿತ್ತು.

ಮಾಹಿತಿ ಸರಿಯಾಗಿಲ್ಲದಾಗ ಏನಾಗುತ್ತದೆ ಎಂಬುದನ್ನು ಐರ್ಲೆಂಡ್ 2011ರ ಅಕ್ಟೋಬರ್ 24ರಂದು ಕಂಡಿತು. ರಾಷ್ಟ್ರಾಧ್ಯಕ್ಷ ಚುನಾವಣೆಗೆ ಮೂರು ದಿನ ಬಾಕಿ. ಸರ್ಕಾರಿ ಪ್ರಸಾರ ಸಂಸ್ಥೆ ಆರ್‌ಟಿಇಯ ಫ್ರಂಟ್‌ಲೈನ್ ಕಾರ್ಯಕ್ರಮದಲ್ಲಿ ಅಭ್ಯರ್ಥಿಗಳ ಚರ್ಚೆ ನಡೆಯುತ್ತಿತ್ತು. ಸಮೀಕ್ಷೆಗಳಲ್ಲಿ ಮುಂದಿದ್ದವರು ಷಾನ್ ಗ್ಯಾಲಹರ್. ಚರ್ಚೆಯ ನಡುವೆ ನಿರೂಪಕ ಪ್ಯಾಟ್ ಕೆನಿ ಒಂದು ಟ್ವೀಟನ್ನು ಓದಿದರು: ಗ್ಯಾಲಹರ್ ಯಾರಿಂದ ಚೆಕ್ ಪಡೆದರೆಂಬ ಆರೋಪವಿತ್ತೋ ಆ ವ್ಯಕ್ತಿಯನ್ನೇ ಮರುದಿನ ಪತ್ರಿಕಾಗೋಷ್ಠಿಗೆ ಕರೆತರುತ್ತೇವೆ ಎಂದು ಎದುರಾಳಿ ಮಾರ್ಟಿನ್ ಮೆಗಿನಿಸ್ ಅವರ ಪ್ರಚಾರ ತಂಡ ಹೇಳಿದೆ ಎಂದು. ಗ್ಯಾಲಹರ್ ತಡವರಿಸಿದರು. ಆ ಖಾತೆ ಮೆಗಿನಿಸ್ ತಂಡದ್ದೇ ಆಗಿರಲಿಲ್ಲ. ಅಧಿಕೃತ ಖಾತೆಯಿಂದ ನಿರಾಕರಣೆ ಬಂದರೂ ಕಾರ್ಯಕ್ರಮ ಮುಗಿಯುವವರೆಗೆ ಅದನ್ನು ವೀಕ್ಷಕರಿಗೆ ತಿಳಿಸಲಿಲ್ಲ. ಮೈಕೆಲ್ ಡಿ. ಹಿಗಿನ್ಸ್ ಮೊದಲ ಪ್ರಾಶಸ್ತ್ಯದ ಮತಗಳಲ್ಲಿ ಸುಮಾರು 40 ಶೇಕಡ ಪಡೆದು ಮುಂದೆ ಗೆದ್ದರು, ಗ್ಯಾಲಹರ್‌ಗೆ 28.5 ಶೇಕಡ ಬಂತು. 2012ರ ಮಾರ್ಚಿನಲ್ಲಿ ಪ್ರಸಾರ ಪ್ರಾಧಿಕಾರ ಗ್ಯಾಲಹರ್ ಅವರ ದೂರನ್ನು ಎತ್ತಿಹಿಡಿಯಿತು. 2017ರ ಡಿಸೆಂಬರಿನಲ್ಲಿ ಆರ್‌ಟಿಇ 1,30,000 ಯೂರೊ ಪರಿಹಾರ ಕೊಟ್ಟು ಮೊಕದ್ದಮೆಯನ್ನು ಮುಗಿಸಿಕೊಂಡಿತು. ಸೋಲಿಗೆ ಆ ಒಂದು ಟ್ವೀಟೇ ಕಾರಣ ಎನ್ನುವುದು ಸರಿಯಲ್ಲ, ಚೆಕ್ಕಿನ ಪ್ರಶ್ನೆಗೆ ಅವರು ಕೊಟ್ಟ ಉತ್ತರವೂ ಮತದಾರರನ್ನು ಕಾಡಿತ್ತು. ಆದರೆ ತಪ್ಪು ಮಾಡಿದ್ದಕ್ಕಿಂತ ತಿದ್ದದೆ ಬಿಟ್ಟದ್ದು ದೊಡ್ಡದು. ನೇರ ವರದಿಯಲ್ಲಿ ತಪ್ಪು ನುಸುಳುತ್ತದೆ, ಆದರೆ ಅದೇ ಗಂಟೆಯಲ್ಲಿ, ಅದೇ ಓದುಗರ ಕಣ್ಣೆದುರು ತಿದ್ದುವ ಅವಕಾಶ ಕೂಡ ಅದಕ್ಕೊಂದಕ್ಕೇ ಇದೆ. ಆ ಅವಕಾಶವನ್ನು ಬಳಸದ ನೇರ ವರದಿಗೆ ಸಮರ್ಥನೆ ಉಳಿಯುವುದಿಲ್ಲ.

ಇಂಥ ತಪ್ಪು ಮಾಹಿತಿಯ ಸಮಸ್ಯೆಯಿಂದ ಆ ವೇಳೆಗಾಗಲೇ ಒಂದು ಉದ್ಯಮವೂ ಹುಟ್ಟಿತ್ತು. ಆರ್‌ಟಿಇಯ ಮಾಜಿ ಪತ್ರಕರ್ತ ಮಾರ್ಕ್ ಲಿಟಲ್ 2010ರಲ್ಲಿ ಡಬ್ಲಿನ್ನಿನಲ್ಲಿ ಸ್ಥಾಪಿಸಿದ ಸ್ಟೋರಿಫುಲ್, ಸಾಮಾಜಿಕ ಮಾಧ್ಯಮದಲ್ಲಿ ಬಂದ ಪೋಸ್ಟು, ವಿಡಿಯೊಗಳ ಮೂಲ ಪರೀಕ್ಷಿಸಿ ಸುದ್ದಿಸಂಸ್ಥೆಗಳಿಗೆ ಕೊಡುವ ಕೆಲಸ ಮಾಡುತ್ತದೆ. ನ್ಯೂಸ್ ಕಾರ್ಪ್ 2013ರ ಡಿಸೆಂಬರಿನಲ್ಲಿ ಅದನ್ನು 18 ದಶಲಕ್ಷ ಯೂರೊಗೆ ಕೊಂಡಿತು.

ವಿಜ್ಞಾನ ಸಮ್ಮೇಳನಗಳಲ್ಲಿ ಆಕ್ಷೇಪ ಬೇರೆ ಬಗೆಯದು. ಅಲ್ಲಿ ಹಂಚಿಕೊಳ್ಳುವುದು ಹೆಚ್ಚಾಗಿ ಇನ್ನೂ ಪ್ರಕಟವಾಗದ ಫಲಿತಾಂಶಗಳು. ಎಷ್ಟೋ ನಿಯತಕಾಲಿಕೆಗಳು ಬೇರೆಡೆ ಬಂದದ್ದನ್ನು ಒಪ್ಪುವುದಿಲ್ಲ. ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ 1969ರಲ್ಲಿ ತಂದ ಇಂಗೆಲ್‌ಫಿಂಗರ್ ನಿಯಮ ಇದಕ್ಕೆ ಮಾದರಿ. 2008ರಲ್ಲಿ ಪಮೇಲಾ ಎಂಬ ಉಪಗ್ರಹ ಪ್ರಯೋಗದ ವಿಜ್ಞಾನಿಗಳು ಸಮ್ಮೇಳನವೊಂದರಲ್ಲಿ ಕೆಲವೇ ಕ್ಷಣ ತೋರಿಸಿದ ಸ್ಲೈಡನ್ನು ಸಭಿಕರು ಕ್ಯಾಮೆರಾದಲ್ಲಿ ಹಿಡಿದರು. ಆ ಫೋಟೊದಿಂದ ಅಂಕಿಗಳನ್ನು ಎತ್ತಿ ಬೇರೆ ಭೌತವಿಜ್ಞಾನಿಗಳು ಪ್ರಬಂಧ ಬರೆದರು, ಪಮೇಲಾ ತಂಡ ತನ್ನ ಪ್ರಬಂಧ ಪ್ರಕಟಿಸುವ ಮೊದಲೇ. 2009ರ ಮೇ ತಿಂಗಳಲ್ಲಿ ಅಮೆರಿಕದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಪ್ರಯೋಗಾಲಯದ ಜೀನೋಮ್ ಸಮ್ಮೇಳನವನ್ನು ಸಂಶೋಧಕ ಡೇನಿಯಲ್ ಮೆಕಾರ್ಥರ್ ಬ್ಲಾಗಿಸಿದರು. ಅಲ್ಲಿ ವರದಿ ಮಾಡುವ ಪತ್ರಕರ್ತರು ಭಾಷಣಕಾರರ ಒಪ್ಪಿಗೆ ಪಡೆಯಬೇಕೆಂಬ ನಿಯಮವಿತ್ತು, ಬ್ಲಾಗರ್‌ಗೆ ಏಕಿಲ್ಲ ಎಂದು ಒಂದು ಸುದ್ದಿತಾಣ ಕೇಳಿತು. ಪ್ರಯೋಗಾಲಯ ನಿಯಮವನ್ನು ಬ್ಲಾಗರುಗಳಿಗೂ ವಿಸ್ತರಿಸಿತು. ಪ್ರಶ್ನೆ ನ್ಯಾಯವಾದದ್ದೇ. ಬ್ಲಾಗರ್ ಸಭಿಕನೋ ಪತ್ರಕರ್ತನೋ ಎಂಬುದು ಇತ್ಯರ್ಥವಾಗದೆ ಉಳಿದರೆ ಬ್ಲಾಗರ್‌ಗೆ ಎರಡೂ ಕಡೆಯ ಹಕ್ಕು ಸಿಕ್ಕಿ, ಒಂದು ಕಡೆಯ ಹೊಣೆಯೂ ಇಲ್ಲದಂತಾಗುತ್ತದೆ.

ಇದಕ್ಕೆ ಪೂರ್ತಿ ನಿಷೇಧ ಉತ್ತರವಲ್ಲ ಎಂಬುದು 2017ರಲ್ಲಿ ಗೊತ್ತಾಯಿತು. ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ ಆ ವರ್ಷದ ಸಮ್ಮೇಳನದಲ್ಲಿ ಸ್ಲೈಡುಗಳ ಫೋಟೊ ಹಾಕಿದವರಿಗೆ ತೆಗೆದುಹಾಕಿ ಎಂದು ಒಬ್ಬೊಬ್ಬರಿಗೂ ಟ್ವಿಟರ್‌ನಲ್ಲೇ ಹೇಳುತ್ತ ಹೋಯಿತು. ವೈದ್ಯರಿಂದ ಬಂದ ಟೀಕೆಗೆ ಮಣಿದು ಮರುವರ್ಷ ನಿಯಮ ಸಡಿಲಿಸಿತು. ಈಗ ಹಲವು ಸಮ್ಮೇಳನಗಳಲ್ಲಿ ಹಂಚಬಾರದ ಸ್ಲೈಡಿನ ಮೂಲೆಯಲ್ಲಿ ಒಂದು ಗುರುತು ಹಾಕುವ ಪದ್ಧತಿ ಬಂದಿದೆ. ತೀರ್ಮಾನ ಭಾಷಣಕಾರರ ಕೈಯಲ್ಲಿ ಉಳಿಯುತ್ತದೆ, ಸಭಿಕರಿಗೂ ಗೊಂದಲವಿಲ್ಲ.

ಬರೆಯುವವರಿಗೇ ಆಗುವ ನಷ್ಟದ ಬಗ್ಗೆ ಸಂಶೋಧನೆ ಒಂದೇ ಮಾತು ಹೇಳುವುದಿಲ್ಲ. 2014ರಲ್ಲಿ ಪ್ಯಾಮ್ ಮುಲ್ಲರ್ ಮತ್ತು ಡೇನಿಯಲ್ ಒಪನ್‌ಹೈಮರ್ ಪ್ರಕಟಿಸಿದ ಅಧ್ಯಯನದಲ್ಲಿ, ಲ್ಯಾಪ್‌ಟಾಪಿನಲ್ಲಿ ಟಿಪ್ಪಣಿ ಮಾಡಿದ ವಿದ್ಯಾರ್ಥಿಗಳು ಮಾತನ್ನು ಹಾಗೆ ಹಾಗೇ ಇಳಿಸಿಕೊಳ್ಳುವುದು ಹೆಚ್ಚು, ವಿಚಾರ ಕುರಿತ ಪ್ರಶ್ನೆಗಳಿಗೆ ಅವರ ಉತ್ತರ ಕೈಬರಹದವರಿಗಿಂತ ಹಿಂದೆ ಎಂದು ಕಂಡುಬಂತು. 2021ರಲ್ಲಿ ಬಂದ ಪುನರಧ್ಯಯನದಲ್ಲಿ ಆ ವ್ಯತ್ಯಾಸ ಹಾಗೆ ಕಾಣಲಿಲ್ಲ. ಪಕ್ಕದವರ ವಿಷಯ ಬೇರೆ. ಲ್ಯಾಪ್‌ಟಾಪಿನಲ್ಲಿ ಬೇರೆ ಕೆಲಸ ಮಾಡುವವರ ಪರದೆ ಕಣ್ಣಿಗೆ ಬೀಳುವಂತೆ ಕುಳಿತವರ ಕಲಿಕೆಯೂ ಕುಗ್ಗುತ್ತದೆ ಎಂದು ಕೆನಡಾದ ಒಂದು ಅಧ್ಯಯನ 2013ರಲ್ಲಿ ತೋರಿಸಿತು. ಬ್ಲಾಗರುಗಳಿಗೆ ಹಿಂದಿನ ಸಾಲನ್ನೋ ಬದಿಯನ್ನೋ ಮೀಸಲಿಡುವ ಸಂಘಟಕರ ಕ್ರಮಕ್ಕೆ ಇಷ್ಟು ಆಧಾರ ಸಾಕು.

ಐರ್ಲೆಂಡಿನ ಕಾನೂನು ನೇರ ವರದಿಯ ಬಗ್ಗೆ ಎರಡು ಕಡೆಯಿಂದ ಮಾತಾಡುತ್ತದೆ. 2009ರ ಮಾನನಷ್ಟ ಕಾಯಿದೆ ಸಾರ್ವಜನಿಕ ಹಿತದ ವಿಷಯಕ್ಕೆ ಸೇರಿದ ಸಾರ್ವಜನಿಕ ಸಭೆಯ ನ್ಯಾಯವಾದ, ನಿಖರವಾದ ವರದಿಗೆ ಷರತ್ತಿನ ರಕ್ಷಣೆ ಕೊಡುತ್ತದೆ. ನೊಂದವರು ವಿವರಣೆಯನ್ನೋ ನಿರಾಕರಣೆಯನ್ನೋ ಪ್ರಕಟಿಸಿ ಎಂದು ಕೇಳಿದಾಗ ಒಪ್ಪದಿದ್ದರೆ ಆ ರಕ್ಷಣೆ ಕೈತಪ್ಪಬಹುದು. ನ್ಯಾಯಾಲಯಗಳಲ್ಲಿ ಇನ್ನೂ ಬಿಗಿ. 2018ರ ನವೆಂಬರ್ 26ರಿಂದ ಜಾರಿಗೆ ಬಂದ, ಆಗಿನ ಮುಖ್ಯ ನ್ಯಾಯಮೂರ್ತಿ ಫ್ರ್ಯಾಂಕ್ ಕ್ಲಾರ್ಕ್ ಅವರ ನಿರ್ದೇಶನದಂತೆ ವಿಚಾರಣೆ ನಡೆಯುತ್ತಿರುವಾಗ ಒಳಗಿನಿಂದ ಟ್ವೀಟ್ ಮಾಡಲು ಅವಕಾಶವಿರುವುದು ಪತ್ರಕರ್ತರಿಗೆ ಮತ್ತು ವಕೀಲರಿಗೆ ಮಾತ್ರ. ಸಾಮಾನ್ಯ ಪ್ರೇಕ್ಷಕರು ಕೇಳಬಹುದು, ಕಳಿಸುವಂತಿಲ್ಲ.

ಇಷ್ಟಕ್ಕೆಲ್ಲ ಮೊದಲು ಇಂಟರ್‌ನೆಟ್ ಬೇಕು. ಪ್ಯಾಡಿ ಕಾಸ್‌ಗ್ರೇವ್ ಮತ್ತು ಗೆಳೆಯರು ಡಬ್ಲಿನ್ನಿನಲ್ಲಿ ಕೆಲವು ನೂರು ಜನರಿಂದ ಆರಂಭಿಸಿದ ವೆಬ್ ಸಮ್ಮಿಟ್ ಎಂಬ ತಂತ್ರಜ್ಞಾನ ಸಮ್ಮೇಳನ 2014ರ ಹೊತ್ತಿಗೆ ಇಪ್ಪತ್ತು ಸಾವಿರ ದಾಟಿತ್ತು. ಆರ್‌ಡಿಎಸ್ ಸಭಾಂಗಣದಲ್ಲಿ ವೈಫೈ ಪದೇ ಪದೇ ಕೈಕೊಟ್ಟದ್ದು ದೊಡ್ಡ ದೂರಾಯಿತು. 2015ರ ಅಕ್ಟೋಬರಿನಲ್ಲಿ ಕಾಸ್‌ಗ್ರೇವ್ ಪ್ರಧಾನಿ ಕಚೇರಿಯೊಂದಿಗಿನ ತಮ್ಮ ಇಮೇಲುಗಳನ್ನು ಬಹಿರಂಗಪಡಿಸಿದರು. ಸಂಚಾರ ವ್ಯವಸ್ಥೆ, ಹೋಟೆಲ್ ದರಗಳ ಜೊತೆಗೆ ವೈಫೈ ಕೂಡ ಅವುಗಳಲ್ಲಿತ್ತು. 2016ರಲ್ಲಿ ಸಮ್ಮೇಳನ ಲಿಸ್ಬನ್‌ಗೆ ಹೋಯಿತು.

ಸಭಾಂಗಣದ ಮಾತು ಹೊರಗಿನ ಲೋಕವನ್ನು ಬೇಗ ಬದಲಿಸಿದ ಪ್ರಸಂಗವೂ ಡಬ್ಲಿನ್ನಿನದೇ ಒಂದಿದೆ. 2019ರ ಆಗಸ್ಟಿನಲ್ಲಿ ವಿಜ್ಞಾನ ಕಥಾಸಾಹಿತ್ಯದ 77ನೇ ವಿಶ್ವ ಸಮ್ಮೇಳನ ಅಲ್ಲಿ ನಡೆಯಿತು. 18ರ ಸಂಜೆ ಹೊಸ ಲೇಖಕರಿಗೆ ಕೊಡುವ ಜಾನ್ ಡಬ್ಲ್ಯು. ಕ್ಯಾಂಪ್‌ಬೆಲ್ ಪ್ರಶಸ್ತಿ ಪಡೆದ ಹಾಂಗ್‌ಕಾಂಗ್ ಮೂಲದ ಜೆನೆಟ್ ಇಂಗ್, ಪ್ರಶಸ್ತಿಗೆ ಹೆಸರು ಕೊಟ್ಟ ಸಂಪಾದಕನೇ ಫ್ಯಾಸಿಸ್ಟ್ ಎಂದು ವೇದಿಕೆಯ ಮೇಲೆ ನೇರವಾಗಿ ಹೇಳಿದರು. ಮಾತು ಆ ರಾತ್ರಿಯೇ ಓದುಗರ ನಡುವೆ ಹರಡಿ ಚರ್ಚೆಗೆ ಬಂತು. ಅದೇ ತಿಂಗಳ 27ರಂದು ಪ್ರಾಯೋಜಕರು ಪ್ರಶಸ್ತಿಯ ಹೆಸರನ್ನು ಅಸ್ಟೌಂಡಿಂಗ್ ಪ್ರಶಸ್ತಿ ಎಂದು ಬದಲಿಸಿದರು. ಮರುವರ್ಷ ಆ ಭಾಷಣಕ್ಕೇ ಹ್ಯೂಗೊ ಪ್ರಶಸ್ತಿ ಬಂತು. ಸಭಾಂಗಣದ ನಾಲ್ಕು ಗೋಡೆಯೊಳಗೇ ಉಳಿದಿದ್ದರೆ ಈ ಮಾತಿಗೆ ಒಂಬತ್ತು ದಿನದಲ್ಲಿ ಇಂಥ ಫಲ ಸಿಗುತ್ತಿತ್ತೆಂದು ನಂಬುವುದು ಕಷ್ಟ.

ಲೈವ್ ಬ್ಲಾಗಿನ ಆಯುಷ್ಯ ಮಾತ್ರ ಚಿಕ್ಕದು. ಸಮ್ಮೇಳನದ ಟ್ವೀಟುಗಳನ್ನು ಒಟ್ಟುಗೂಡಿಸಿ ಕತೆಯಂತೆ ಜೋಡಿಸಲು ಬಳಸುತ್ತಿದ್ದ ಸ್ಟೋರಿಫೈ 2018ರ ಮೇ ತಿಂಗಳಲ್ಲಿ ಮುಚ್ಚಿತು. ತಮ್ಮ ಸಂಗ್ರಹವನ್ನು ಸಮಯಕ್ಕೆ ಇಳಿಸಿಕೊಳ್ಳದವರು ಕಳೆದುಕೊಂಡರು. 2022ರಲ್ಲಿ ಟ್ವಿಟರ್ ಕೈ ಬದಲಾದ ಮೇಲೆ ವಿದ್ವಾಂಸರಲ್ಲಿ ಕೆಲವರು ಮಾಸ್ಟಡಾನ್‌ಗೆ, ಕೆಲವರು ಬ್ಲೂಸ್ಕೈಗೆ ಹೋದರು. ಹಿಂದೆ ಒಂದು ಹ್ಯಾಷ್‌ಟ್ಯಾಗ್ ಹುಡುಕಿದರೆ ಇಡೀ ಸಮ್ಮೇಳನ ಸಿಗುತ್ತಿತ್ತು, ಈಗ ಮೂರು ನಾಲ್ಕು ಕಡೆ ಹುಡುಕಬೇಕು. ಸ್ವಂತ ತಾಣದಲ್ಲಿ ಬರೆದಿಟ್ಟವರ ಟಿಪ್ಪಣಿಗಳು ಇದಕ್ಕಿಂತ ಗಟ್ಟಿ. ಈಗ ಯಂತ್ರಗಳು ಮಾತನ್ನು ತಾವೇ ಅಕ್ಷರಕ್ಕಿಳಿಸುತ್ತವೆ. ಹಾಗಾಗಿ ಬ್ಲಾಗರ್ ಪ್ರತಿ ಪದದ ಹಿಂದೆ ಓಡಬೇಕಾಗಿಲ್ಲ. ಯಾವ ಮಾತು ಹೊಸದು, ಯಾವುದು ಹಿಂದಿನ ಗೋಷ್ಠಿಗೆ ವಿರುದ್ಧ, ಯಾವ ಪ್ರಶ್ನೆಗೆ ಉತ್ತರ ಬರಲಿಲ್ಲ ಎಂದು ಗುರುತಿಸುವ ಕೆಲಸ ಇನ್ನೂ ಸಭೆಯಲ್ಲಿ ಕುಳಿತ ಮನುಷ್ಯರದೇ.

ಏನನ್ನು ಹೊರಗೆ ಬಿಡಬೇಕು, ಏನನ್ನು ಬಿಡಬಾರದು ಎಂಬುದನ್ನು ಮೊದಲೇ ಗೆರೆ ಎಳೆದು ನಡೆಸಿದ ಸಭೆಗಳಲ್ಲಿ ಐರ್ಲೆಂಡಿನ ನಾಗರಿಕ ಸಭೆ ಮುಖ್ಯವಾದದ್ದು. ಮತದಾರರ ನಡುವಿನಿಂದ ಆಯ್ದ 99 ಮಂದಿ, ಅಧ್ಯಕ್ಷೆಯಾಗಿ ನಿವೃತ್ತಿಯ ಹೊಸ್ತಿಲಲ್ಲಿದ್ದ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಮೇರಿ ಲಫಾಯ್. 2016ರ ಅಕ್ಟೋಬರಿನಲ್ಲಿ ಡಬ್ಲಿನ್ ಕ್ಯಾಸಲ್‌ನಲ್ಲಿ ಆರಂಭವಾಗಿ, ಅನಂತರ ಮಾಲಹೈಡ್‌ನ ಗ್ರ್ಯಾಂಡ್ ಹೋಟೆಲಿನಲ್ಲಿ ವಾರಾಂತ್ಯಗಳಲ್ಲಿ ಸೇರುತ್ತಿತ್ತು. ಗರ್ಭಪಾತವನ್ನು ತಡೆದಿದ್ದ ಸಂವಿಧಾನದ ಎಂಟನೇ ತಿದ್ದುಪಡಿ ಅದರ ಮೊದಲ ವಿಷಯ. ದೇಶವನ್ನು ಮೂರು ದಶಕ ಸೀಳಿದ್ದ ಪ್ರಶ್ನೆ ಅದು. ತಜ್ಞರ ಭಾಷಣಗಳು, ಪರ ವಿರೋಧ ಸಂಘಟನೆಗಳ ಮಂಡನೆ, ಪ್ರಶ್ನೋತ್ತರ ಎಲ್ಲವೂ ಅಂತರ್ಜಾಲದಲ್ಲಿ ನೇರ ಪ್ರಸಾರವಾದವು. ಯಾರು ಬೇಕಾದರೂ ನೋಡುತ್ತ ಬರೆಯಬಹುದಿತ್ತು, ಪತ್ರಕರ್ತರು ಬರೆದರು ಕೂಡ. ನಾಗರಿಕರು ತಮ್ಮ ದುಂಡುಮೇಜುಗಳಿಗೆ ತಿರುಗಿ ತಮ್ಮ ತಮ್ಮಲ್ಲಿ ಮಾತಾಡುವ ಹೊತ್ತಿಗೆ ಪ್ರಸಾರ ನಿಲ್ಲುತ್ತಿತ್ತು. ಜನ ಅಭಿಪ್ರಾಯ ಬದಲಿಸಿಕೊಳ್ಳಲು, ಗೊತ್ತಿಲ್ಲ ಎಂದು ಹೇಳಲು, ಒಂದು ಮಾತು ಆಡಿ ಹಿಂದಕ್ಕೆ ಪಡೆಯಲು ಆ ಮೇಜುಗಳಲ್ಲಿ ಜಾಗವಿತ್ತು. 2017ರ ಏಪ್ರಿಲ್ 22 ಮತ್ತು 23ರ ಮತದಾನದ ಫಲಿತಾಂಶ ಮತ್ತೆ ಎಲ್ಲರ ಮುಂದೆ ಬಂತು, ವರದಿ ಜೂನ್‌ನಲ್ಲಿ ಸಂಸತ್ತಿಗೆ ಹೋಯಿತು. 2018ರ ಮೇ 25ರ ಜನಮತಗಣನೆಯಲ್ಲಿ 66.4 ಶೇಕಡ ಮತದಾರರು ತಿದ್ದುಪಡಿಯನ್ನು ತೆಗೆದುಹಾಕಲು ಒಪ್ಪಿದರು. 2020ರಲ್ಲಿ ಕ್ಯಾಥರೀನ್ ಡೇ ಅಧ್ಯಕ್ಷತೆಯಲ್ಲಿ ಲಿಂಗ ಸಮಾನತೆ ಕುರಿತ ಮುಂದಿನ ನಾಗರಿಕ ಸಭೆ ಆರಂಭವಾಯಿತು. ಕೋವಿಡ್‌ನಿಂದಾಗಿ ಅದು ಹೋಟೆಲಿನ ಸಭಾಂಗಣ ಬಿಟ್ಟು ಆನ್‌ಲೈನಿಗೆ ಹೋಗಬೇಕಾಯಿತು.